ಅಕ್ಕಿ ಸಾಲದ ದಿನಗಳ ಅಡುಗೆಮನೆ

ಪ್ರೌಢಶಾಲೆಯ ಸಮಾಜ ವಿಜ್ಞಾನದ ಪಾಠಗಳಲ್ಲಿ ಎರಡನೆಯ ಮಹಾಯುದ್ಧದ ಪರಿಣಾಮಗಳನ್ನು ಹೇಳುವಾಗ, ಆಹಾರಧಾನ್ಯಗಳ ಅಭಾವವೂ ತಲೆದೋರಿತು ಎಂಬ ಮಾತು ಒಂದು ಸಾಲಿನಲ್ಲಿ ಬಂದು ಹೋಗುತ್ತಿತ್ತು. ಒಪ್ಪಂದಗಳಿಗೆ ಒಂದು ಪುಟ, ಸೇನಾಪತಿಗಳ ಹೆಸರುಗಳಿಗೆ ಅರ್ಧ ಪುಟ, ಹಸಿವಿಗೆ ಒಂದು ಸಾಲು. ಮೂವತ್ತು ವರ್ಷಗಳಿಗೂ ಮೀರಿ ಆ ಪಾಠವನ್ನು ಬೋಧಿಸಿದ ನಾನು, ಆ ಸಾಲು ಬಂದೊಡನೆ ಪುಸ್ತಕ ಮುಚ್ಚಿಸಿ, ಆ ಅಭಾವದ ದಿನಗಳಲ್ಲಿ ನಿಮ್ಮ ಮನೆಯ ಒಲೆಯ ಮೇಲೆ ಏನು ಬೇಯುತ್ತಿತ್ತೆಂದು ಅಜ್ಜಿಯನ್ನು ಕೇಳಿಕೊಂಡು ಬನ್ನಿರಿ ಎಂದು ಕಳುಹಿಸುತ್ತಿದ್ದೆ. ನಿಮ್ಮಲ್ಲಿ ಕೆಲವರಿಗೆ ಇದು ನೆನಪಿರಬಹುದು. ಮರುದಿನ ನೀವು ತಂದ ಉತ್ತರಗಳಲ್ಲಿ ನುಚ್ಚಿನ ಗಂಜಿ ಇರುತ್ತಿತ್ತು, ಜೋಳದ ಅಂಬಲಿ ಇರುತ್ತಿತ್ತು, ಬೇಯಿಸಿದ ಗೆಣಸು ಇರುತ್ತಿತ್ತು. ಆ ಅಜ್ಜಿಯರಲ್ಲಿ ಬಹುತೇಕರು ಇಂದು ನಮ್ಮೊಡನಿಲ್ಲ. ಅವರು ಹೇಳಿದ್ದನ್ನೂ ನಮ್ಮ ಮನೆಯ ಹಿರಿಯರಿಂದ ನಾನು ಕೇಳಿದ್ದನ್ನೂ ಒಂದೆಡೆ ಬರೆದಿಡಬೇಕೆಂಬ ಆಸೆ ಬಹುದಿನಗಳದು. ಇಂದು ನಾವು ಅಡುಗೆಮನೆಯ ಕಿವಿಮಾತು ಎಂದು ಕರೆಯುವ ಉಪಾಯಗಳಲ್ಲಿ ಬಹಳಷ್ಟು ಒಂದೊಂದು ಅಭಾವದ ಗುರುತುಗಳೆಂಬುದು ನನ್ನ ಅಭಿಪ್ರಾಯ. ಆ ಗುರುತುಗಳನ್ನು ಹಿಡಿದು ಹಿಂದಕ್ಕೆ ಹೋದರೆ ಚರಿತ್ರೆಯೇ ಕಾಣುತ್ತದೆ.

ಅಡುಗೆಯ ಬಗ್ಗೆ ಬರೆಯುವುದು ಕನ್ನಡಕ್ಕೆ ಹೊಸದೇನಲ್ಲ. ಕಲ್ಯಾಣ ಚಾಳುಕ್ಯರ ಎರಡನೆಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ 'ಲೋಕೋಪಕಾರ'ವು ಹೆಸರಿಗೆ ತಕ್ಕಂತೆ ಜನರ ದಿನಬಳಕೆಗೆಂದೇ ಬರೆದ ಗ್ರಂಥ. ನೆಲದಡಿಯ ನೀರನ್ನು ಗುರುತಿಸುವ ಬಗೆ, ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಔಷಧಿ ಇವೆಲ್ಲದರ ಜೊತೆಗೆ ಸೂಪಶಾಸ್ತ್ರವೂ ಅದರಲ್ಲಿದೆ. ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನೂ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನೂ ಬೆರೆಸುವ ಒಂದು ವಿಧಾನವನ್ನು ಅಲ್ಲಿ ಕಾಣುತ್ತೇವೆ. ಇಂದಿನ ಇಡ್ಲಿಯ ಪೂರ್ವಜನೆಂದು ವಿದ್ವಾಂಸರು ಇದನ್ನೇ ತೋರಿಸುತ್ತಾರೆ. ಅದಕ್ಕೂ ನೂರು ವರ್ಷ ಹಿಂದಿನ ಶಿವಕೋಟ್ಯಾಚಾರ್ಯನ 'ವಡ್ಡಾರಾಧನೆ'ಯಲ್ಲಿ ಇಡ್ಡಲಿಗೆ ಎಂಬ ಹೆಸರೇ ಬರುತ್ತದೆ. ಲೋಕೋಪಕಾರದ ಆ ವಿಧಾನದಲ್ಲಿ ಅಕ್ಕಿಯ ಸುಳಿವೇ ಇಲ್ಲ ಎಂಬುದನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಬೇಕಾಗುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ಬರೆದನು. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನು ವಾರ್ಧಕ ಷಟ್ಪದಿಯಲ್ಲಿ ಹಾಡುವಂತೆ ಬರೆದನು. ಇವೆಲ್ಲ ನಮ್ಮ ಹೆಮ್ಮೆಯ ಗ್ರಂಥಗಳು. ಆದರೆ ಇವುಗಳನ್ನು ಬರೆದವರು ಅರಸರು, ಸಾಮಂತರು, ಆಸ್ಥಾನದವರು. ಅವರ ಉಗ್ರಾಣದಲ್ಲಿ ತುಪ್ಪ ಮುಗಿಯುತ್ತಿರಲಿಲ್ಲ. ತುಪ್ಪವಿಲ್ಲದಿದ್ದರೆ ಏನು ಮಾಡಬೇಕು, ನಾಲ್ವರಿಗೆ ಅಳೆದ ಅಕ್ಕಿಯಲ್ಲಿ ಏಳು ಜನ ಉಣ್ಣುವುದು ಹೇಗೆ, ಒದ್ದೆ ಸೌದೆಯಲ್ಲಿ ಬೇಳೆ ಬೇಯಿಸುವ ಬಗೆ ಯಾವುದು ಎಂಬ ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದವರ ಕೈಯಲ್ಲಿ ಕಂಠವಿರಲಿಲ್ಲ, ಸೌಟಿತ್ತು. ಆದುದರಿಂದ ಆ ಶಾಸ್ತ್ರವು ಬಾಯಿಂದ ಬಾಯಿಗೆ ಮಾತ್ರ ಬಂದಿತು.

ನಮ್ಮದು ತುಮಕೂರು ಸೀಮೆ, ರಾಗಿಯ ನಾಡು. ಇಲ್ಲಿ ಅಭಾವವನ್ನು ಎದುರಿಸುವ ಮೊದಲ ಉಪಾಯ ಅಡುಗೆಮನೆಯಲ್ಲಿರಲಿಲ್ಲ, ಅಂಗಳದ ಅಡಿಯಲ್ಲಿತ್ತು. ಗಟ್ಟಿ ನೆಲದಲ್ಲಿ ಹೂಜಿಯ ಆಕಾರದಲ್ಲಿ ತೋಡಿದ ಹಗೇವಿಗೆ ಹುಲ್ಲನ್ನು ಹಾಸಿ, ರಾಗಿ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ರಾಗಿಯ ಕಾಳು ಸಣ್ಣದು, ಗಟ್ಟಿ. ಹುಳು ಅದರ ತಂಟೆಗೆ ಹೋಗುವುದು ಬಹಳ ಕಡಿಮೆ. ಹಗೇವನ್ನು ತೆರೆದ ದಿನ ಒಳಗಿಳಿಯುವ ಮುನ್ನ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಕಾಳುಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಂತಿರುತ್ತದೆಂದು ನಮ್ಮ ಹಿರಿಯರಿಗೆ ರಸಾಯನಶಾಸ್ತ್ರ ಓದದೆಯೇ ತಿಳಿದಿತ್ತು. ತಿಳಿಯುವುದಕ್ಕೆ ಎಷ್ಟು ಜೀವಗಳನ್ನು ಕೊಟ್ಟಿದ್ದರೋ.

ಆ ಹಗೇವುಗಳೂ ಬರಿದಾದ ಕಾಲವೊಂದು ಬಂದಿತ್ತು. 1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರ. 1871ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೂ ಮಿಗಿಲಾಗಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷದಷ್ಟಕ್ಕೆ ಇಳಿದಿತ್ತು. ಹೊಲದ ಬದುವಿನಲ್ಲಿ ಬೆಳೆಯುವ ಹತ್ತಾರು ಸೊಪ್ಪುಗಳನ್ನು ಕೂಡಿಸಿ ಬೇಯಿಸುವ ಬೆರಕೆ ಸೊಪ್ಪಿನ ಸಾರನ್ನು ಇಂದು ನಗರದ ಉಪಾಹಾರ ಮಂದಿರಗಳಲ್ಲಿ ವಿಶೇಷ ಖಾದ್ಯವೆಂದು ಬಡಿಸುವುದನ್ನು ಕಂಡಾಗ ನನಗೆ ಆ ಅಂಕಿಗಳು ನೆನಪಾಗುತ್ತವೆ. ಯಾವ ಸೊಪ್ಪು ತಿಂದರೆ ಬದುಕುತ್ತಾರೆ, ಯಾವುದು ಹೊಟ್ಟೆ ಕೆಡಿಸುತ್ತದೆ ಎಂಬ ತಿಳಿವಳಿಕೆಯು ರುಚಿಗಾಗಿ ಹುಟ್ಟಿದ್ದಲ್ಲ.

ಕಾಳು ಕಾಯುವ ವಿದ್ಯೆಗೆ ಇನ್ನೆರಡು ಮಾತು. ಅವರೆ, ಹುರುಳಿಗಳನ್ನು ಜರಡಿ ಹಿಡಿದ ಬೂದಿಯಲ್ಲಿ ಬೆರೆಸಿ ಮಡಕೆಯಲ್ಲಿಡುತ್ತಿದ್ದರು. ಬೂದಿಯು ಕಾಳುಗಳ ನಡುವಿನ ಸಂದುಗಳನ್ನು ತುಂಬಿ ಹುಳುವಿನ ಓಡಾಟವನ್ನು ತಡೆಯುತ್ತದೆ, ಅದರ ಮೈಯ ತೇವವನ್ನೂ ಹೀರುತ್ತದೆ. ಬೇಳೆಗೆ ಅಂಗೈಯಲ್ಲಿ ತುಸು ಹರಳೆಣ್ಣೆ ಸವರಿ ಇಟ್ಟರೆ ಆ ತೆಳು ಲೇಪದಿಂದ ಹುಳುವಿನ ಮೊಟ್ಟೆಗಳಿಗೆ ಉಸಿರು ಕಟ್ಟುತ್ತದೆ. ಪರದೇಶದಲ್ಲಿರುವ ನನ್ನ ಸೋದರನ ಮಗಳು ಕಳೆದ ವರ್ಷ ಇದನ್ನು ಮಾಡಿ ನೋಡಿ, ಅತ್ತೆ, ಇದು ನಿಜವಾಗಿಯೂ ಕೆಲಸ ಮಾಡುತ್ತದೆ ಎಂದು ಆಶ್ಚರ್ಯಪಟ್ಟಳು. ಕೆಲಸ ಮಾಡದಿದ್ದರೆ ನಾವು ಹುಟ್ಟುತ್ತಿರಲಿಲ್ಲ ತಾಯಿ ಎಂದೆ.

ಇನ್ನು ಯುದ್ಧದ ಕಾಲಕ್ಕೆ ಬರೋಣ. 1942ರ ಮಾರ್ಚಿಯಲ್ಲಿ ರಂಗೂನ್ ಜಪಾನೀಯರ ವಶವಾಯಿತು. ಅಲ್ಲಿಯವರೆಗೆ ಬರ್ಮಾದಿಂದ ಪ್ರತಿವರ್ಷ ಹಡಗುಗಳಲ್ಲಿ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಮರುವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ನಗರಗಳಲ್ಲಿ ಪಡಿತರ ಬಂದಿತು, ರೈತರ ಮೇಲೆ ಲೆವಿ ಬಂದಿತು. ನಮ್ಮ ಅಜ್ಜಿ ಹೇಳುತ್ತಿದ್ದಂತೆ, ಪೇಟೆಯ ಮನೆಗಳಲ್ಲಿ ಪಾವಿನ ಲೆಕ್ಕದಲ್ಲಿ ಅಕ್ಕಿ ಅಳೆದರೆ ಹಳ್ಳಿಯಲ್ಲಿ ರಾಗಿಯನ್ನು ಲೆವಿಯವರ ಕಣ್ಣಿಗೆ ಬೀಳದಂತೆ ಹಗೇವಿನಲ್ಲಿ ಮುಚ್ಚಿ, ಮೇಲೆ ದನ ಕಟ್ಟುತ್ತಿದ್ದರಂತೆ. ಇದು ನ್ಯಾಯವೇ ಅನ್ಯಾಯವೇ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಎಂಟು ಮಕ್ಕಳ ತಾಯಿಗೆ ಆ ಚರ್ಚೆಗೆ ಪುರುಸೊತ್ತಿರಲಿಲ್ಲ.

ಅಕ್ಕಿಯೇ ಊಟವೆಂದು ನಂಬಿದ್ದ ಪೇಟೆಯ ಮನೆಗಳಿಗೆ ಆಗ ಬಂದ ಕಷ್ಟ ಹೊಟ್ಟೆಯದಷ್ಟೇ ಅಲ್ಲ, ಅಭ್ಯಾಸದ್ದು ಸಹ. ಅಕ್ಕಿಯನ್ನು ಹಿಗ್ಗಿಸುವ ಉಪಾಯಗಳೆಲ್ಲ ಆಗ ಹೊರಬಿದ್ದವು. ಅಕ್ಕಿಯನ್ನು ಒಡೆದು ನುಚ್ಚು ಮಾಡಿ ಬೇಯಿಸಿದರೆ ಹೆಚ್ಚು ನೀರು ಹಿಡಿದು ಪಾತ್ರೆ ತುಂಬಿದಂತೆ ಕಾಣುತ್ತದೆ. ಅನ್ನ ಬಸಿದ ಗಂಜಿಯನ್ನು ಚೆಲ್ಲದೆ ಉಪ್ಪು ಮಜ್ಜಿಗೆ ಬೆರೆಸಿ ಮಕ್ಕಳಿಗೆ ಕುಡಿಸುವುದು ಇನ್ನೊಂದು. ಬಸಿದ ನೀರಿನ ಜೊತೆ ಬಿ ಜೀವಸತ್ವ ಹೊರಟುಹೋಗುತ್ತದೆಂದು ಪಾಠದಲ್ಲಿ ನಾನು ಹೇಳುವುದಕ್ಕೆ ಎಷ್ಟೋ ಮೊದಲು ಈ ತಾಯಂದಿರು ಅದನ್ನು ಮನೆಯೊಳಗೇ ಉಳಿಸಿಕೊಂಡಿದ್ದರು. ರಾತ್ರಿ ಮಿಕ್ಕ ಅನ್ನವನ್ನು ಅಕ್ಕಿಹಿಟ್ಟಿನೊಡನೆ ನಾದಿ ರೊಟ್ಟಿ ತಟ್ಟುವುದು, ಹೀರೆಕಾಯಿಯ ಸಿಪ್ಪೆಯನ್ನು ಹುರಿದು ಚಟ್ನಿ ಮಾಡುವುದು, ಬಾಳೆಯ ದಿಂಡಿನ ಪಲ್ಯ, ಹಲಸಿನ ಬೀಜದ ಸಾರು ಇವೆಲ್ಲ ಮೊದಲಿನಿಂದ ಇದ್ದವೇ. ಅವು ನಿತ್ಯದ ಅಡುಗೆಯಾದದ್ದು ಮಾತ್ರ ಆ ವರ್ಷಗಳಲ್ಲಿ ಎಂದು ಅಜ್ಜಿಯ ಮಾತು.

ಬೆಂಗಳೂರಿನ ರವೆ ಇಡ್ಲಿಯ ಕಥೆ ಇಲ್ಲಿಗೇ ಸೇರಿದ್ದು. 1924ರಲ್ಲಿ ಆರಂಭವಾಗಿ ಮುಂದೆ ಎಂ.ಟಿ.ಆರ್. ಎಂದು ಹೆಸರಾದ ಉಪಾಹಾರ ಗೃಹದವರು, ಯುದ್ಧಕಾಲದಲ್ಲಿ ಅಕ್ಕಿ ದೊರೆಯದಿದ್ದಾಗ ಗೋಧಿ ರವೆಯಿಂದ ಇಡ್ಲಿ ಮಾಡಿ ನೋಡಿದೆವೆಂದು ಹೇಳುತ್ತ ಬಂದಿದ್ದಾರೆ. ರವೆಗೆ ಮೊಸರು ಬೆರೆಸಿ, ತುಸು ಸೋಡಾ ಹಾಕಿದರೆ ಮೊಸರಿನ ಹುಳಿಯೂ ಸೋಡಾವೂ ಕೂಡಿ ಅನಿಲ ಹುಟ್ಟಿ ಹಿಟ್ಟು ಉಬ್ಬುತ್ತದೆ. ರಾತ್ರಿಯಿಡೀ ಹುಳಿಯುವುದಕ್ಕೆ ಕಾಯಬೇಕಿಲ್ಲ. ಅಕ್ಕಿಯಿಲ್ಲದ ಇಡ್ಲಿಯೇ ಎಂದು ಆಗ ಮೂಗು ಮುರಿದವರೂ ಇದ್ದಿರಬೇಕು. ಚಾವುಂಡರಾಯನು ಬಂದಿದ್ದರೆ ಅವನಿಗೆ ಅದರಲ್ಲಿ ಏನೂ ವಿಚಿತ್ರ ಕಾಣುತ್ತಿರಲಿಲ್ಲ. ಮೊಸರೂ ಇದೆ, ಇಂಗೂ ಇದೆ, ಅಕ್ಕಿಯಂತೂ ಅವನದರಲ್ಲಿಯೂ ಇರಲಿಲ್ಲ!

ಸ್ವಾತಂತ್ರ್ಯ ಬಂದರೂ ಅಕ್ಕಿ ಬರಲಿಲ್ಲ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾದಾಗ ಅದರ ಮುಂದಿದ್ದ ದೊಡ್ಡ ಪ್ರಶ್ನೆಯೂ ಇದೇ. ಮೊದಲ ನಿರ್ದೇಶಕರಾದ ಡಾ. ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ ಮರಗೆಣಸಿನ ಹಿಟ್ಟಿಗೆ ಕಡಲೆಕಾಯಿ ಹಿಟ್ಟನ್ನು ಬೆರೆಸಿ ಅಕ್ಕಿಗೆ ಬದಲಿ ಆಹಾರಗಳನ್ನು ತಯಾರಿಸಿದರು. ವಿಜ್ಞಾನದ ದೃಷ್ಟಿಯಿಂದ ಅದು ಶ್ಲಾಘ್ಯವಾದ ಕೆಲಸ. ಒಂದರಲ್ಲಿ ಪಿಷ್ಟ, ಇನ್ನೊಂದರಲ್ಲಿ ಪ್ರೋಟೀನು. ಆದರೆ ನಮ್ಮ ಕಡೆಯ ಎಲೆಗಳ ಮೇಲೆ ಅದನ್ನು ಕಂಡವರನ್ನು ನಾನು ಕಾಣೆ. ಅನ್ನದಂತೆ ಕಂಡು ಅನ್ನವಲ್ಲದ್ದನ್ನು ಜನ ಒಪ್ಪಲಿಲ್ಲ. ಅನ್ನದಂತೆ ಕಾಣಲು ಪ್ರಯತ್ನವನ್ನೇ ಮಾಡದ ಉಪ್ಪಿಟ್ಟನ್ನೂ ಚಪಾತಿಯನ್ನೂ ಒಪ್ಪಿಕೊಂಡರು.

ಚಪಾತಿ ನಮ್ಮ ಮನೆಗೆ ಬಂದದ್ದು ಅಮೆರಿಕದ ಮಾರ್ಗವಾಗಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. 1954ರಲ್ಲಿ ಅಮೆರಿಕವು ಮಾಡಿದ ಪಿ.ಎಲ್. 480 ಎಂಬ ಕಾನೂನಿನಡಿ, 1956ರಲ್ಲಿ ನಮ್ಮ ದೇಶದೊಡನೆ ಒಪ್ಪಂದವಾಗಿ ಅಲ್ಲಿನ ಹೆಚ್ಚುವರಿ ಗೋಧಿ ಬರತೊಡಗಿತು. 1965 ಮತ್ತು 1966ರಲ್ಲಿ ಮಳೆ ಕೈಕೊಟ್ಟಾಗ ಪರಿಸ್ಥಿತಿ ವಿಷಮಿಸಿತು. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿರೆಂದು ಜನರನ್ನು ಕೇಳಿಕೊಂಡದ್ದು 1965ರಲ್ಲಿ. 1966ರಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯ ಹೊರಗಿನಿಂದ ಬಂದಿತು. ಅಧ್ಯಕ್ಷ ಜಾನ್ಸನ್ ಅವರು ಹಡಗುಗಳಿಗೆ ತಿಂಗಳು ತಿಂಗಳಿಗೂ ಲೆಕ್ಕ ಹಾಕಿ ಅನುಮತಿ ಕೊಡುತ್ತಿದ್ದರು. ಆ ಅವಮಾನದ ನೆನಪೇ ಹಸಿರು ಕ್ರಾಂತಿಗೆ ಗೊಬ್ಬರವಾಯಿತೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ.

ಆಗ ನನಗೆ ಐದಾರು ವರ್ಷ. ಪಡಿತರದಲ್ಲಿ ಅಕ್ಕಿಯ ಜೊತೆ ಕೆಂಪು ಗೋಧಿ ತೆಗೆದುಕೊಳ್ಳಲೇಬೇಕಿತ್ತು. ನಮ್ಮ ಅಮ್ಮನಿಗೆ ಹೋಳಿಗೆ ಬರುತ್ತಿತ್ತು, ಹಬ್ಬಕ್ಕೆ ಗೋಧಿ ಪಾಯಸ ಬರುತ್ತಿತ್ತು. ದಿನವೂ ಗೋಧಿಯಿಂದ ಹೊಟ್ಟೆ ತುಂಬಿಸುವುದು ಗೊತ್ತಿರಲಿಲ್ಲ. ಮೊದಲು ಗೋಧಿಯನ್ನು ಒಡೆದು ಅನ್ನದಂತೆ ಬೇಯಿಸಿದರು. ನಾವು ಮಕ್ಕಳು ಎಲೆಯಲ್ಲಿಯೇ ಬಿಟ್ಟೆವು. ಆಮೇಲೆ ರಾಗಿಹಿಟ್ಟಿಗೆ ಬೆರೆಸಿದರು, ಮುದ್ದೆ ಅಂಟಂಟಾಯಿತು. ಹಿಟ್ಟನ್ನು ನೀರುಮಜ್ಜಿಗೆಯಲ್ಲಿ ಕದಡಿ ದೋಸೆ ಹೊಯ್ದಾಗ ಮಾತ್ರ ಯಾರೂ ಗೊಣಗಲಿಲ್ಲ. ಕಡೆಗೆ ಬೆಂಗಳೂರಿನಲ್ಲಿ ಉತ್ತರದೇಶದವರ ನೆರೆಯಲ್ಲಿದ್ದ ನಮ್ಮ ಚಿಕ್ಕಮ್ಮ ರಜೆಗೆ ಬಂದವರು ಚಪಾತಿಯ ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ, ಒದ್ದೆಬಟ್ಟೆ ಮುಚ್ಚಿ ಒಂದು ಗಂಟೆ ನೆನೆಯಬಿಡಬೇಕೆಂದು ತೋರಿಸಿಕೊಟ್ಟರು. ದೋಸೆಯ ಕಾವಲಿಯೇ ಚಪಾತಿಯ ಕಾವಲಿಯಾಯಿತು, ಹೋಳಿಗೆಯ ಲಟ್ಟಣಿಗೆಯೇ ಚಪಾತಿಯ ಲಟ್ಟಣಿಗೆಯಾಯಿತು. ಶನಿವಾರದ ಒಪ್ಪತ್ತಿಗೆ ಅದು ಫಲಾಹಾರವೆಂದು ಶಾಸ್ತ್ರದ ಮುದ್ರೆಯೂ ಬಿದ್ದ ಮೇಲೆ ಅಜ್ಜಿಯ ವಿರೋಧ ಮುಗಿಯಿತು. ನಮ್ಮ ಮನೆತನದಲ್ಲಿ ಶನಿವಾರ ರಾತ್ರಿ ಚಪಾತಿ ಅನಾದಿಕಾಲದ ಸಂಪ್ರದಾಯವೆಂದು ತಿಳಿದಿರುವ ಸೋದರಳಿಯಂದಿರೆಲ್ಲ ಇದನ್ನು ಗಮನಿಸಬೇಕು.

ಶಾಲೆಯಲ್ಲಿಯೂ ಅಮೆರಿಕವೇ ಬಡಿಸುತ್ತಿತ್ತು. ಕೇರ್ ಸಂಸ್ಥೆಯ ನೆರವಿನಿಂದ ಬರುತ್ತಿದ್ದ ರವೆಯನ್ನೂ ಎಣ್ಣೆಯನ್ನೂ ಬಳಸಿ ಮಧ್ಯಾಹ್ನ ಮಾಡುತ್ತಿದ್ದ ಉಪ್ಪಿಟ್ಟಿನ ವಾಸನೆಯನ್ನು ನನ್ನ ವಯಸ್ಸಿನವರಾರೂ ಮರೆತಿರಲಾರರು. ಮುತ್ತುಗದ ಎಲೆಯಲ್ಲಿ ಹಾಕಿದ ಆ ಹಳದಿ ಉಪ್ಪಿಟ್ಟಿಗಾಗಿಯೇ ಶಾಲೆಗೆ ಬರುತ್ತಿದ್ದ ಸಹಪಾಠಿಗಳಿದ್ದರು; ಅರ್ಧ ತಿಂದು ಅರ್ಧವನ್ನು ತಮ್ಮನಿಗೆಂದು ಎಲೆಯಲ್ಲಿ ಮಡಿಸಿಕೊಂಡು ಹೋಗುತ್ತಿದ್ದವರೂ ಇದ್ದರು. ಆ ಗೋಧಿಯೊಡನೆಯೇ ಕಾಂಗ್ರೆಸ್ ಗಿಡವೂ ಬಂದಿತೆಂದು ನಾವೆಲ್ಲ ಕೇಳಿದ್ದೆವು. ಅದಕ್ಕೂ ಬಹಳ ಮೊದಲೇ ಇಲ್ಲಿ ಆ ಗಿಡವಿದ್ದುದಕ್ಕೆ ಸಸ್ಯಶಾಸ್ತ್ರಜ್ಞರು ಪುರಾವೆ ಕೊಡುತ್ತಾರೆ. ಆದರೂ ಜನ ಅದನ್ನು ಗೋಧಿಯ ಲೆಕ್ಕಕ್ಕೇ ಬರೆದಿದ್ದಾರೆ.

ಇಲ್ಲೊಂದು ಮಾತನ್ನು ಹೇಳಲೇಬೇಕು. ಹಿಂದಿನವರ ಊಟವೇ ಊಟ, ಆ ಕೈರುಚಿ ಈಗೆಲ್ಲಿ ಎಂದು ನಮ್ಮ ನೆಂಟರ ಕೂಟಗಳಲ್ಲಿ ಆಗಾಗ ಕೇಳಿಬರುತ್ತದೆ. ಹಾಗೆ ಹೇಳುವವರು ಹೆಚ್ಚಾಗಿ ಮೊದಲ ಪಂಕ್ತಿಯಲ್ಲಿ ಉಂಡವರು. ಆ ಕಾಲದ ಜಾಣ್ಮೆಗಳ ಪಟ್ಟಿಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಉಪಾಯವೊಂದಿತ್ತು: ಬಡಿಸುವವಳು ಕಡಿಮೆ ಉಣ್ಣುವುದು. ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಅತ್ತೆ, ಕಡೆಗೆ ಸೊಸೆ. ಸಾರು ತಳ ಕಂಡಿದ್ದರೆ ಪಾತ್ರೆಗೆ ಒಂದು ಲೋಟ ಬಿಸಿನೀರು ಬಿಟ್ಟು ಗಲಬರಿಸಿ ಅದನ್ನೇ ಅನ್ನಕ್ಕೆ ಕಲಸಿಕೊಳ್ಳುವುದನ್ನು ನಾನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ. ಅಮ್ಮನಿಗೆ ಹಸಿವು ಕಡಿಮೆ ಎಂದು ಮನೆಯವರೆಲ್ಲರೂ ನಂಬಿದ್ದರು. ನಾನು ಕೆಲಸಕ್ಕೆ ಸೇರಿ ಮನೆಯಲ್ಲಿ ತಿಂಗಳ ದಿನಸಿ ತುಂಬತೊಡಗಿದ ಮೇಲೆ ಅಮ್ಮನಿಗೆ ಎಲ್ಲರಂತೆಯೇ ಹಸಿವಾಗತೊಡಗಿತು. ರಾಷ್ಟ್ರದ ಆಹಾರ ಸಮಸ್ಯೆಯ ಒಂದು ಪಾಲನ್ನು ಹೀಗೆ ಪರಿಹರಿಸಿದವರ ಲೆಕ್ಕ ಯಾವ ವರದಿಯಲ್ಲಿಯೂ ನನಗೆ ಸಿಕ್ಕಿಲ್ಲ.

ಧಾನ್ಯದ ಅಭಾವ ತಗ್ಗುವ ಹೊತ್ತಿಗೆ ಉರುವಲಿನ ಅಭಾವ ಹೆಚ್ಚಾಯಿತು. ಹಳೆಯ ಮಣ್ಣಿನ ಒಲೆಗೆ ಪಕ್ಕದಲ್ಲೊಂದು ಕೋಡೊಲೆ ಇರುತ್ತಿತ್ತು. ದೊಡ್ಡ ಒಲೆಯಲ್ಲಿ ಬೇಳೆ ಬೇಯುವಾಗ ಅದೇ ಬೆಂಕಿಯ ನಾಲಿಗೆ ಕೋಡೊಲೆಯತ್ತ ಸಾಗಿ ಹಾಲನ್ನು ಬಿಸಿಯಾಗಿಡುತ್ತಿತ್ತು. ಅಡುಗೆ ಮುಗಿದ ಮೇಲೆ ಕೆಂಡಕ್ಕೆ ಬೂದಿ ಮುಚ್ಚಿದರೆ ಸಂಜೆಗೆ ಬೆಂಕಿಪೊಟ್ಟಣದ ಒಂದು ಕಡ್ಡಿ ಉಳಿಯಿತು. ಸೌದೆ ದುಬಾರಿಯಾದಾಗ ನಮ್ಮ ಬೀದಿಯಲ್ಲೆಲ್ಲ ಮರದ ಹೊಟ್ಟಿನ ಒಲೆ ಬಂದಿತು. ತಗಡಿನ ಡಬ್ಬದ ಕೆಳಗೆ ಪಕ್ಕದಲ್ಲಿ ಒಂದು ತೂತು. ನಡುವೆ ಒಂದು ಸೀಸೆ ನಿಲ್ಲಿಸಿ, ಸುತ್ತಲೂ ಸಾಮಿಲ್ಲಿನ ಹೊಟ್ಟನ್ನು ಗಟ್ಟಿಯಾಗಿ ತುಳುಕಿ, ಸೀಸೆಯನ್ನು ಮೆಲ್ಲನೆ ತಿರುಗಿಸಿ ಎಳೆದರೆ ನಡುವೆ ಗಾಳಿಯ ದಾರಿ ಉಳಿಯುತ್ತದೆ. ಕೆಳಗಿನ ತೂತಿನಲ್ಲಿ ಹಚ್ಚಿದರೆ ಗಂಟೆಗಟ್ಟಲೆ ಹೆಚ್ಚು ಹೊಗೆಯಿಲ್ಲದೆ ಉರಿಯುತ್ತಿತ್ತು. ಭಾನುವಾರ ಹೊಟ್ಟು ತುಂಬುವ ಕೆಲಸ ನನ್ನದು ಮತ್ತು ನನ್ನ ಅಣ್ಣನದು. ಸೀಸೆ ಎಳೆಯುವಾಗ ಕೈ ನಡುಗಿದರೆ ಎಲ್ಲವೂ ಕುಸಿಯುತ್ತಿತ್ತು.

1973ರ ತೈಲ ಬಿಕ್ಕಟ್ಟಿನ ನಂತರ ಸೀಮೆಎಣ್ಣೆಯ ಸರದಿ ಉದ್ದವಾಯಿತು. ಡಬ್ಬಗಳನ್ನು ಸಾಲಾಗಿಟ್ಟು, ಡಬ್ಬವಿಲ್ಲದವರು ಕಲ್ಲನ್ನಿಟ್ಟು ಮನೆಗೆ ಹೋಗುತ್ತಿದ್ದೆವು. ಕಲ್ಲಿಗೂ ಮರ್ಯಾದೆಯಿದ್ದ ಕಾಲ. ಒತ್ತಡದ ಅಡುಗೆಪಾತ್ರೆ, ಅಂದರೆ ಪ್ರೆಷರ್ ಕುಕ್ಕರ್, ನಮ್ಮ ದೇಶದಲ್ಲಿ 1959ರಲ್ಲಿಯೇ ತಯಾರಾಗತೊಡಗಿತ್ತಾದರೂ ನಮ್ಮಂಥ ಮನೆಗಳಿಗೆ ಅದು ಬಂದದ್ದು ಈ ಸರದಿಗಳ ಕಾಲದಲ್ಲಿ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನೊಳಗೆ ಒತ್ತಡದಿಂದ ಅದು 120ರ ಸಮೀಪಕ್ಕೆ ಏರುತ್ತದೆ. ಗಂಟೆ ಹಿಡಿಯುತ್ತಿದ್ದ ತೊಗರಿಬೇಳೆ ಕಾಲು ಗಂಟೆಯಲ್ಲಿ ಕರಗಿತು. ಗಡಸುನೀರಿನಲ್ಲಿ ಬೇಳೆ ಬೇಯದೆ ಸೋಡಾ ಹಾಕಿ ಜೀವಸತ್ವ ಕಳೆಯುವ ಅಗತ್ಯವೂ ತಪ್ಪಿತು. ಮೊದಲ ಸೀಟಿಗೆ ಅಜ್ಜಿ ದೇವರಮನೆಗೆ ಓಡಿದ್ದು ನಮ್ಮಲ್ಲಿ ಇಂದಿಗೂ ನಗೆಯ ಮಾತು.

ಇದೇ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಅಸ್ತ್ರ ಎಂಬ ವಿಭಾಗವನ್ನು ಆರಂಭಿಸಿದರು. ನಮ್ಮದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ, ಸೌದೆಗೂ ನೀರಿಗೂ ಹೆಂಗಸರೂ ಮಕ್ಕಳೂ ದಿನಕ್ಕೆ ಎಷ್ಟು ಹೊತ್ತು ನಡೆಯುತ್ತಾರೆಂಬುದನ್ನು ಅವರ ತಂಡ ಅಳೆಯಿತು. ಒಲೆಯ ಕೆಲಸವನ್ನು ವಿಜ್ಞಾನಿಗಳು ಗಡಿಯಾರ ಹಿಡಿದು ಅಳೆದದ್ದು ನನ್ನ ಮಟ್ಟಿಗೆ ದೊಡ್ಡ ಘಟನೆ. ಆ ಅಧ್ಯಯನದ ಫಲವಾಗಿ ಬಂದ ಅಸ್ತ್ರ ಒಲೆ ಮೂರು ಪಾತ್ರೆಗಳನ್ನಿಡುವಂಥದು, ಹೊಗೆಗೊಳವೆಯುಳ್ಳದ್ದು, ಸೌದೆಯನ್ನು ಬಹಳ ಉಳಿಸುವಂಥದು. 1980ರ ದಶಕದಲ್ಲಿ ಅದು ರಾಜ್ಯದ ಸಾವಿರಾರು ಮನೆಗಳಿಗೆ ಹೋಯಿತು. ನಮ್ಮ ಸೋದರತ್ತೆಯ ಮನೆಯಲ್ಲಿಯೂ ಕಟ್ಟಿಸಿದರು. ಊದುಗೊಳವೆ ಮೂಲೆ ಸೇರಿತು. ಆದರೆ ಆ ಹೊತ್ತಿಗೆ ನಲವತ್ತು ವರ್ಷ ಹೊಗೆಯಲ್ಲಿ ಕುಳಿತಿದ್ದ ಅತ್ತೆಗೆ ಉಬ್ಬಸ ನೆಲೆಯೂರಿತ್ತು, ಅದು ಹೋಗಲಿಲ್ಲ.

ಅಡುಗೆ ಅನಿಲಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದುದನ್ನು ನಿಮ್ಮಲ್ಲಿ ಹಿರಿಯರು ಬಲ್ಲಿರಿ. ನಮ್ಮ ಮನೆಗೆ ಸಿಲಿಂಡರು ಬಂದದ್ದು 1987ರ ಯುಗಾದಿಯ ಹಿಂದಿನ ವಾರ. ಅಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟರು. ಅನಿಲ ಬಂದ ಮೇಲೂ ಬೇಳೆಯನ್ನು ಮುಂಚಿತವಾಗಿ ನೆನೆಸುವುದನ್ನು, ಪಾತ್ರೆಗೆ ತಟ್ಟೆ ಮುಚ್ಚುವುದನ್ನು, ಎರಡು ನಿಮಿಷ ಮೊದಲೇ ಉರಿ ಆರಿಸಿ ಉಳಿದ ಬಿಸಿಯಲ್ಲಿ ಬೇಯಿಸುವುದನ್ನು ಅವರು ಕಡೆಯವರೆಗೂ ಬಿಡಲಿಲ್ಲ. ಹಳೆಯ ಹೊಟ್ಟಿನ ಒಲೆಯನ್ನು ಹಿತ್ತಿಲಲ್ಲಿ ಮಗುಚಿ ಇಟ್ಟಿದ್ದರು, ಯಾವಾಗ ಬೇಕಾಗುವುದೋ ಎಂದು.

ನಿಮ್ಮ ನಿಮ್ಮ ಮನೆಗಳಿಗೆ ಮೊದಲ ಕುಕ್ಕರು, ಮೊದಲ ಸಿಲಿಂಡರು ಬಂದದ್ದು ಯಾವ ವರ್ಷ, ಪಡಿತರದ ಗೋಧಿಯನ್ನು ನಿಮ್ಮವರು ಏನು ಮಾಡಿ ಉಂಡರು ಎಂಬುದನ್ನು ಹಿರಿಯರಿರುವಾಗಲೇ ಕೇಳಿ, ಇಸವಿಯೊಡನೆ ನನಗೆ ಬರೆದು ತಿಳಿಸಿರಿ. ಉತ್ತರ ಕರ್ನಾಟಕದ ಜೋಳದ ಮನೆಗಳ ಮತ್ತು ಕರಾವಳಿಯ ಕುಚ್ಚಲಕ್ಕಿಯ ಮನೆಗಳ ಸಂಗತಿ ನನ್ನ ಬಳಿ ಬಹಳ ಕಡಿಮೆ ಇದೆ.